ಚಹಾ ಡಬ್ಬಿಯ ಮೂಗುಗೂಟ

ಡೆಸ್ಮಂಡ್ ಶೇರ್‌ದಿಲ್‌ನ ಮನೆಯ ಏರ್ ಕೂಲರನ್ನು ಮೂರನೇ ಸಲ ಗೋಡೆಯಿಂದ ಕಿತ್ತು ಹಾಕಿದಾಗಲೂ ಹದಿನೇಳು ಎಂಬುವಳು ಸರ್ಕಾರಿ ಕೆಲಸದ ಮೇಲೇ ಇದ್ದಳು. ಕುತ್ತಿಗೆಗೆ ಇಲಾಖೆಯ ಪಟ್ಟಿ, ಪಟ್ಟಿಗೆ ರೇಡಿಯೋ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಪ್ಪು ಬಣ್ಣದಲ್ಲಿ 17. ಆ ಹೆಣ್ಣೊಂಟೆ ಮುರಿದ ಕೊಳವೆಗೆ ಬಾಯಿಟ್ಟು ನಿಂತಿರುವುದನ್ನು ಗೋಡೆಯ ತೂತಿನಿಂದಲೇ ನೋಡಿ ಮ್ಯಾವಿಸ್ ಗಂಡನನ್ನು ಕೂಗಿದಳು.

“ಏ ಮುದ್ಕಾ, ನಿನ್ ಆಫೀಸಿನೋಳು ಬಂದವ್ಳೆ. ಎದ್ದು ಮಾತಾಡ್ಸು!”

ಸಾಲ್ಟ್‌ಬುಷ್ ಬೋರ್ ಎಂಬ ಮರುಭೂಮಿಯ ಊರಿನಲ್ಲಿ ಇರುವುದು ಹನ್ನೊಂದು ಮನೆ, ಒಂದು ಅಂಗಡಿ, ಒಂದು ನೀರಿನ ಟ್ಯಾಂಕು. ಬೇಸಿಗೆ ಬಿಗಿಯಾದರೆ ಕಾಡೊಂಟೆಗಳು ಹಿಂಡು ಹಿಂಡಾಗಿ ಬಂದು ನಲ್ಲಿ ಮುರಿಯುತ್ತವೆ, ಕಕ್ಕಸಿನ ತೊಟ್ಟಿ ಒಡೆಯುತ್ತವೆ. ಮ್ಯಾವಿಸ್‌ಳ ತಾಯಿಯ ಕಡೆಯವರು ತಲೆತಲಾಂತರದಿಂದ ನೀರು ಕುಡಿದ ಬಂಡೆಗುಂಡಿಯಲ್ಲಿ ಒಂದು ವರ್ಷ ಏಳು ಒಂಟೆ ಬಿದ್ದು ಸತ್ತು ಕೊಳೆತಿದ್ದವು. ಅವತ್ತು ಅವಳು ಅತ್ತಿದ್ದನ್ನು ಡೆಸ್ಮಂಡ್ ಕಂಡಿದ್ದ. ಆದ್ದರಿಂದ ಒಂಟೆ ಕೊಲ್ಲಿಸುವ ಕೆಲಸದಲ್ಲಿ ಒಂಬತ್ತು ವರ್ಷ ದುಡಿದದ್ದಕ್ಕೆ ಅವನಿಗೆ ನಾಚಿಕೆಯೇನೂ ಇರಲಿಲ್ಲ.

ಆ ಕೆಲಸವೂ ಎಂಥದ್ದು ನೋಡಿ. ಒಂದು ಹೆಣ್ಣೊಂಟೆಯನ್ನು ಹಿಡಿದು ರೇಡಿಯೋ ಪಟ್ಟಿ ಕಟ್ಟಿ ಮರಳಿಗೆ ಬಿಡುವುದು. ಒಂಟೆಗೆ ಜೊತೆಯಿಲ್ಲದೆ ಬಾಳಲು ಬಾರದು; ಎಲ್ಲಿದ್ದರೂ ಹಿಂಡನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ. ಆಗ ಆಲಿಸ್ ಪಟ್ಟಣದ ಆಫೀಸಿನ ನಕಾಶೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತದೆ, ಹೆಲಿಕಾಪ್ಟರು ಬರುತ್ತದೆ, ಪಟ್ಟಿಯವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರ ಕಥೆ ಮುಗಿಯುತ್ತದೆ. ಪಾಪ, ಅವಳು ಮತ್ತೊಂದು ಹಿಂಡು ಹುಡುಕುತ್ತಾಳೆ. ಇಂಥ ಒಂಟೆಯನ್ನು ಅಲ್ಲಿಯವರು ಜೂಡಾಸ್ ಎಂದು ಕರೆಯುತ್ತಾರೆ, ಯೇಸುವಿನ ಜೊತೆ ಉಂಡು ಅವನನ್ನೇ ಹಿಡಿದುಕೊಟ್ಟವನ ಹೆಸರು. ಪಟ್ಟಿ ಕಟ್ಟುವುದು, ಹಿಂದೆ ಹೋಗಿ ಹೆಜ್ಜೆ ನೋಡುವುದು, ಜೊತೆಗೆಷ್ಟಿವೆ ಎಂದು ಫಾರಂ ತುಂಬುವುದು, ಇಷ್ಟು ಡೆಸ್ಮಂಡ್‌ನ ಪಾಲಿನದು.

ಹಾಗೆ ನೋಡಿದರೆ ಆ ಒಂಟೆಗಳನ್ನು ಮರುಭೂಮಿಗೆ ಬಿಟ್ಟವರಲ್ಲಿ ಅವನ ತಾತನೂ ಒಬ್ಬ. ಪೇಶಾವರದ ಕಡೆಯ ಹಿರಿಯ ಶೇರ್‌ದಿಲ್ ಹಡಗಿನಲ್ಲಿ ಒಂಟೆಗಳ ಜೊತೆ ಬಂದು ಮೂವತ್ತು ವರ್ಷ ಅವುಗಳ ಬೆನ್ನ ಮೇಲೆ ಹಿಟ್ಟು, ಉಣ್ಣೆ ಸಾಗಿಸಿದವನು. ಆಮೇಲೆ ಲಾರಿಗಳು ಬಂದವು. ಇನ್ನು ನಿನ್ನ ಒಂಟೆ ಬೇಡ, ಕೊಂದುಬಿಡು ಎಂದು ಅಪ್ಪಣೆಯಾಯಿತು. ಮುದುಕ ಬಂದೂಕು ಹಿಡಿದು ಇಪ್ಪತ್ತೆರಡು ಒಂಟೆಗಳೊಂದಿಗೆ ಹೋದವನು ನಾಲ್ಕು ದಿನ ಬಿಟ್ಟು ಕಾಲ್ನಡಿಗೆಯಲ್ಲಿ ಬಂದು, ಪೊಲೀಸಿನವನ ಮೇಜಿನ ಮೇಲೆ ಒಂದು ಚಹಾ ಡಬ್ಬಿ ಇಟ್ಟ. ಒಳಗೆ ಇಪ್ಪತ್ತೆರಡು ಮೂಗುಗೂಟ. ಸಾಕಿದ ಒಂಟೆಯ ಮೂಗಿಗೆ ಚುಚ್ಚಿ ಹಗ್ಗ ಕಟ್ಟುವ ಮರದ ಗೂಟಗಳು.

“ಎಲ್ಲಾ ಒಂಟೇದೂ ಐತಾ?” ಎಂದು ಪೊಲೀಸಿನವನು ಕೇಳಿದ.

“ಒಂದೂ ಬಿಡದಂಗೆ ಐತೆ ಸಾಹೇಬ್ರೇ.”

ಪೊಲೀಸಿನವನು ಎಣಿಸಿ, ‘ಕೊಲ್ಲಲಾಗಿದೆ’ ಎಂದು ಬರೆದು ಡಬ್ಬಿ ವಾಪಸು ಕೊಟ್ಟ. ಸತ್ತವೇ ಎಂದು ಅವನು ಕೇಳಲಿಲ್ಲ, ಮುದುಕ ತಾನಾಗಿ ಹೇಳಲಿಲ್ಲ. ಆ ಮನೆತನದಲ್ಲಿ ಸುಳ್ಳು ಹೇಳುವವರೇ ಇಲ್ಲವೆಂದು ಡೆಸ್ಮಂಡ್ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾನೆ. ಡಬ್ಬಿ ಅವನ ಅಡುಗೆಮನೆಯ ಶೆಲ್ಫಿನ ಮೇಲಿದೆ.

ಹದಿನೇಳರ ತಕರಾರು ಏನೆಂದರೆ ಅವಳು ಯಾವ ಹಿಂಡನ್ನೂ ಸೇರುತ್ತಿರಲಿಲ್ಲ. ಕೆಸರಿನಲ್ಲಿ ಹೂತು ಸಾಯುತ್ತಿದ್ದವಳನ್ನು ಡೆಸ್ಮಂಡ್ ಅರ್ಧ ದಿನ ಸಲಿಕೆ ಹಿಡಿದು ತೋಡಿ ಎತ್ತಿಸಿ, ಬೆಲ್ಲದ ಪಾಕ ಸವರಿದ ಬ್ರೆಡ್ಡು ತಿನ್ನಿಸಿ ಪಟ್ಟಿ ಕಟ್ಟಿದ್ದ. ಅದೇ ತಪ್ಪಾಯಿತು. ಇನ್ನೂರು ಕಿಲೋಮೀಟರ್ ಆಚೆ ಬಿಟ್ಟರೂ ಹದಿನೈದು ದಿನಕ್ಕೆ ಸರಿಯಾಗಿ ಅವನ ಬಾಗಿಲಲ್ಲಿ ಹಾಜರ್. ತನ್ನ ಹಿಂಡು ಎಂದರೆ ಡೆಸ್ಮಂಡನೇ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಆಫೀಸಿನ ನಕಾಶೆಯಲ್ಲಿ ಕೆಂಪು ಚುಕ್ಕೆ ಮತ್ತೆ ಮತ್ತೆ ಸಾಲ್ಟ್‌ಬುಷ್ ಬೋರ್‌ಗೇ ಬಂದು ನಿಲ್ಲುತ್ತಿತ್ತು.

ಆಲಿಸ್‌ನಿಂದ ಟೀಗನ್ ಫೋನು ಮಾಡಿದಳು. ಇಲಾಖೆಗೆ ಹೊಸದಾಗಿ ಬಂದ ಹುಡುಗಿ, ನಿಯಮದ ಪುಸ್ತಕವನ್ನು ದಿಂಬಿನ ಕೆಳಗಿಟ್ಟು ಮಲಗುವ ಪೈಕಿ.

“ಅಂಕಲ್, ಮೂರು ತಿಂಗ್ಳಾಯ್ತು ಹದಿನೇಳು ಯಾರನ್ನೂ ಸೇರಿಲ್ಲ. ಈ ತಿಂಗ್ಳೂ ಜೊತೆಗೆ ಯಾರೂ ಇಲ್ಲಾಂದ್ರೆ ಪಟ್ಟಿ ವಾಪಸ್ ತಗೋಬೇಕು. ಅದು ಸರ್ಕಾರದ್ದು.”

ಪಟ್ಟಿ ವಾಪಸು ತೆಗೆದುಕೊಳ್ಳುವುದೆಂದರೆ ಮೊದಲು ಗುಂಡು, ಆಮೇಲೆ ಪಟ್ಟಿ. ಡೆಸ್ಮಂಡ್‌ಗೆ ಅದು ಗೊತ್ತು.

“ಒಂಟೆ ಯಾರ್ದು?” ಎಂದ.

“ಒಂಟೆ ಯಾರದ್ದೂ ಅಲ್ಲ ಅಂಕಲ್.”

ಅವನು ಫಾರಂ ಮುಂದಿಟ್ಟುಕೊಂಡು ಕುಳಿತ. ಜೊತೆಗೆ ಒಂದು ಜೀವ ಇದೆಯೆಂದು ಬರೆದರೆ ಹದಿನೇಳು ಉಳಿಯುತ್ತಾಳೆ. ಸುಳ್ಳು ಬರೆಯಲು ಕೈ ಏಳದು. ಕೊನೆಗೆ ನಿಜವನ್ನೇ ತುಂಬಿದ. ಜೊತೆಗಿರುವವರು: ಒಂದು. ಲಿಂಗ: ಗಂಡು. ವಯಸ್ಸು: ಅರವತ್ತನಾಲ್ಕು. ದೇಹಸ್ಥಿತಿ: ಬಡಕಲು, ಎಡಗಾಲು ಕುಂಟು. ನಡವಳಿಕೆ: ವಾಹನ ಕಂಡರೆ ಓಡುವುದಿಲ್ಲ.

ಮ್ಯಾವಿಸ್ ಕನ್ನಡಕ ಏರಿಸಿ ಓದಿದಳು. “ಹಲ್ಲಿನ ವಿಷ್ಯ ಬಿಟ್ಟಿದೀಯ. ಮೇಲಿನ್ ಸಾಲು ಕಟ್ಟಿಸಿದ್ದು ಅಂತ ಬರಿ.”

ಅವನು ಅದನ್ನೂ ಬರೆದ. ನಾಲ್ಕು ದಿನಕ್ಕೆ ಮುದ್ರೆಯೊತ್ತಿದ ಉತ್ತರ ಬಂತು. ಊರಿನ ಹತ್ತಿರ ಓಡಾಡುತ್ತಿರುವ ಮುದಿ ಕುಂಟ ಗಂಡು ಅಪಾಯಕಾರಿ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂದು ಅದನ್ನು ನೋವಾಗದಂತೆ ಮುಗಿಸಲು ಮಂಜೂರಾತಿ ನೀಡಲಾಗಿದೆ.

“ನೋವಾಗ್ದಂಗಂತೆ!” ಮ್ಯಾವಿಸ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. “ನಲ್ವತ್ತು ವರ್ಷದಿಂದ ನನ್ ಕೈಲಿ ಆಗ್ದೇ ಇದ್ದಿದ್ದು, ಇವ್ರಿಗೆ ಒಂದು ಬುಧವಾರ ಸಾಕಂತೆ.”

ಬುಧವಾರ ಹೆಲಿಕಾಪ್ಟರು ಫುಟ್‌ಬಾಲ್ ಮೈದಾನದಲ್ಲಿ ಧೂಳೆಬ್ಬಿಸಿ ಇಳಿಯಿತು. ಟೀಗನ್ ಮತ್ತು ಬಂದೂಕಿನವನು ಪೀಂ ಪೀಂ ಎನ್ನುವ ಯಂತ್ರ ಹಿಡಿದು, ಕಳ್ಳಹೆಜ್ಜೆ ಇಡುತ್ತಾ, ಡೆಸ್ಮಂಡ್‌ನ ಅಂಗಳಕ್ಕೆ ಬಂದರು. ಅವನು ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಹದಿನೇಳು ಅವನ ಟೋಪಿಯ ಮೇಲೆ ಗದ್ದ ಊರಿ ನಿಂತಿದ್ದಳು.

“ಗಂಡೊಂದಿತ್ತಲ್ಲ, ಎಲ್ಲಿ?” ಎಂದಳು ಟೀಗನ್.

ಡೆಸ್ಮಂಡ್ ಕೈ ಎತ್ತಿದ.

ಬಂದೂಕಿನವನು ಕಾಗದ ಬಿಚ್ಚಿ ಒಮ್ಮೆ ಅದನ್ನು, ಒಮ್ಮೆ ಅವನನ್ನು ನೋಡಿದ. “ಬಡಕಲು, ಸರಿ. ಎಡಗಾಲು ಕುಂಟು, ಸರಿ. ಯಜಮಾನ್ರೇ, ಸ್ವಲ್ಪ ಬಾಯಿ ಬಿಡ್ತೀರಾ?”

ಟೀಗನ್ ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಪುಸ್ತಕ ತಿರುವಿದಳು. ಅವಳ ಕಣ್ಣು ಒದ್ದೆಯಾಗಿತ್ತು ಎಂದು ಮ್ಯಾವಿಸ್ ಆಮೇಲೆ ಹೇಳಿದಳು. “ಅಂಕಲ್, ಮನುಷ್ಯರನ್ನ ಹಿಂಡು ಅಂತ ಲೆಕ್ಕ ಹಿಡಿಯೋಕಾಗಲ್ಲ. ಇವ್ಳಿಗೆ ಜೊತೆ ಇಲ್ಲ ಅಂತಾಯ್ತು. ಮನೆ ಹತ್ರ ಗುಂಡು ಹಾರಿಸೋ ಹಾಗಿಲ್ಲ. ಆ ದಿಬ್ಬದಾಚೆಗೆ ನೀವೇ ಕರ್ಕೊಂಡು ಬನ್ನಿ. ನಿಮ್ಮ ಹಿಂದೆ ಆದ್ರೆ ಬರ್ತಾಳೆ.”

ಡೆಸ್ಮಂಡ್ ಎದ್ದು ನಿಂತ. ಹದಿನೇಳು ಎಲ್ಲಿಗೆ ಹೊರಟೆವೆಂದು ಕೇಳುವಂತೆ ಕತ್ತು ಎತ್ತಿದಳು. ಒಂಬತ್ತು ವರ್ಷ ನಲವತ್ತು ಒಂಟೆಗಳಿಗೆ ಜೂಡಾಸ್ ಎಂದು ಹೆಸರಿಟ್ಟವನಿಗೆ, ಆ ಹೆಸರು ಈಗ ತನ್ನ ಕೊರಳಿಗೇ ಬಂದು ಬಿತ್ತು ಎನಿಸಿತು. ಅವನು ಮತ್ತೆ ಕುಳಿತ.

“ಯಾರದ್ದೂ ಅಲ್ಲ ಅಂದ್ಯಲ್ಲಮ್ಮ. ಯಾರದ್ದಾದ್ರೂ ಆದ್ರೆ?”

“ಆಗ ನಾವು ಮುಟ್ಟೋ ಹಾಗಿಲ್ಲ. ಆದ್ರೆ ಸಾಕಿದ್ದಕ್ಕೆ ಗುರುತು ಬೇಕು.” ಅವಳು ಪುಸ್ತಕದಲ್ಲಿ ಬೆರಳಿಟ್ಟು ಓದಿದಳು. “ಕಿವಿ ಬಿಲ್ಲೆ, ಬರೆ, ಇಲ್ಲಾ ಮೂಗುಗೂಟ.”

ಡೆಸ್ಮಂಡ್ ಕುಂಟುತ್ತಾ ಒಳಗೆ ಹೋಗಿ ಚಹಾ ಡಬ್ಬಿ ತಂದ. ಜೀನು ಹೊಲಿಯುವ ದಬ್ಬಳವನ್ನು ಮ್ಯಾವಿಸ್ ಕೆಟಲ್‌ನಲ್ಲಿ ಕುದಿಸಿಕೊಟ್ಟಳು. ತಾತ ಹೇಗೆ ಚುಚ್ಚುತ್ತಿದ್ದನೆಂದು ಅಪ್ಪ ಹೇಳಿದ್ದನ್ನು ಚಿಕ್ಕಂದಿನಲ್ಲಿ ಕೇಳಿದ್ದನೇ ಹೊರತು ತಾನು ಯಾವತ್ತೂ ಮಾಡಿರಲಿಲ್ಲ. ಯಾರದ್ದೂ ಅಲ್ಲದಂತಾಗಿ ಬದುಕಿಕೊಳ್ಳಲಿ ಎಂದು ತಾತ ಒಂದೊಂದಾಗಿ ಕಿತ್ತ ಗೂಟ ಇದು. ಅದನ್ನೇ ಈಗ ಬದುಕಿಸಲೆಂದು ಚುಚ್ಚಬೇಕು. ತಾತನ ಮುಂದೆ ತಲೆ ತಗ್ಗಿಸಿದಂತಾಯಿತು. “ತಪ್ಪಾಯ್ತು ಕಣೇ,” ಎಂದು ಒಂಟೆಗೆ ಹೇಳಿ ಒತ್ತಿಯೇಬಿಟ್ಟ.

ಅವಳ ಅರಚಾಟ ಹನ್ನೊಂದು ಮನೆಗೂ ಕೇಳಿತು. ಬಂದೂಕಿನವನು ಬಂದೂಕು ಎಸೆದು ಒಂಟೆಯ ಕುತ್ತಿಗೆಗೆ ಜೋತುಬಿದ್ದ. ಹೊಟ್ಟೆಯೊಳಗಿನ ಹಸಿರು ಮೆಲುಕು ಅಷ್ಟೂ ಟೀಗನ್‌ಳ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿತ್ತು. ಅವಳು ಮುಖ ಒರೆಸಿಕೊಂಡು ಕೇಳಿದ್ದು ಇಷ್ಟೇ: “ಎಲ್ಲಿ ನೋಂದಾಯಿಸ್ತೀರಿ?”

ಊರಲ್ಲಿ ಇದ್ದದ್ದು ನಾಯಿಗಳ ನೋಂದಣಿ ಪುಸ್ತಕ ಒಂದೇ, ಅದನ್ನು ಇಟ್ಟುಕೊಂಡವಳು ಮ್ಯಾವಿಸ್. ಜಾತಿ ಎಂದಿದ್ದಲ್ಲಿ ‘ದೊಡ್ಡದು’ ಎಂದು ಬರೆದು, ಬೊಗಳುತ್ತದೆಯೇ ಎಂಬ ಪ್ರಶ್ನೆಗೆ ‘ಈವರೆಗೆ ಇಲ್ಲ’ ಎಂದು ತುಂಬಿ, ಬಿಲ್ಲೆ ಕೊಟ್ಟಳು. ಡೆಸ್ಮಂಡ್ ಪಟ್ಟಿ ಬಿಚ್ಚಿ ಟೀಗನ್‌ಳ ಕೈಗಿಟ್ಟ. ಆ ಕೆಂಪು ಚುಕ್ಕೆ ಹೆಲಿಕಾಪ್ಟರಿನಲ್ಲಿ ಕುಳಿತು ಆಲಿಸ್‌ಗೆ ಹೋಯಿತು.

ಆದರೆ ಹದಿನೇಳು ಅವನನ್ನು ಹತ್ತಿರ ಸೇರಿಸಲಿಲ್ಲ. ದೂರದ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಳು. ಅವನು ಪಾಕದ ಬ್ರೆಡ್ಡು ಹಿಡಿದು ದಿನಾ ಹೋದ, ದಿನಾ ಅದನ್ನು ಹಿಡಿದೇ ವಾಪಸು ಬಂದ. ಜೀವ ಉಳಿಸಿದ್ದೇನೆ ಎಂದು ಅವಳಿಗೆ ತಿಳಿಸುವುದಾದರೂ ಹೇಗೆ? ಅವನಿಗೆ ಊಟ ಸೇರಲಿಲ್ಲ. ಒಂಬತ್ತು ದಿನ ಹೀಗೇ ಕಳೆಯಿತು. ಕೂಲರನ್ನು ಮತ್ತೆ ಗೋಡೆಗೆ ಕೂರಿಸಿದರು.

ಹತ್ತನೇ ದಿನ ಬೆಳಿಗ್ಗೆ ಅಡುಗೆಮನೆಯ ಗೋಡೆ ಧಡಾರ್ ಎಂದು, ಕೂಲರು ನಾಲ್ಕನೇ ಸಲ ಕಿತ್ತು ಬಂತು. ಮ್ಯಾವಿಸ್ ಬಾಯಿಗೆ ಬಂದಂತೆ ಬೈಯುತ್ತಾ ಪೊರಕೆ ಹುಡುಕಿದಳು. ಡೆಸ್ಮಂಡ್ ಗೋಡೆಯ ತೂತಿನ ಮುಂದೆ ಕುಳಿತು, ಗೂಟ ಚುಚ್ಚಿದ ಆ ಒದ್ದೆ ಮೂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಟ್ಟಿಯಾಗಿ ಅತ್ತ.