ಫರ್ಗಸ್ ಅಂಕಲ್ ಹಾಡದೇ ಉಳಿದ ಹಾಡು

ಮೊನ್ನೆ ಆಸ್ಟಿನ್ನಿನ ಅಂಗಡಿಯೊಂದರಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಸ್ಪೀಕರಿನಿಂದ ಆ ದೋಣಿಯ ಹಾಡು ಬಂತು. ಪಕ್ಕದ ಹೆಂಗಸು ಖುಷಿಯಾಗಿ ಗುನುಗಿದಳು. ನನ್ನ ಮೂಗಿಗೆ ಮಾತ್ರ ಮೆಣಸಿನ ಸಾರಿನ ಘಮ ಬಂದ ಹಾಗಾಯಿತು. ಕೇಳಿದರೆ ಎದ್ದು ಹೋಗಬೇಕೆನಿಸುವ ಹಾಡು ನಿಮಗೂ ಒಂದಿರಬಹುದು. ಸಾಮಾನಿನ ಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ನನ್ನ ಚಿಕ್ಕಂದಿನಲ್ಲಿ, ಡಾಲಸ್ ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನಲ್ಲಿ ನಮ್ಮ ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಫರ್ಗಸ್ ಅಂಕಲ್ ಮನೆಯಿತ್ತು. ಸ್ಕಾಟ್ಲೆಂಡಿನವರು. ಹರೆಯದಲ್ಲಿ ತಾವೇ ಬರೆದು ಹಾಡಿದ ಆ ದೋಣಿಯ ಹಾಡು ಮನೆಮಾತಾಗಿತ್ತಂತೆ; ಆಮೇಲೆ ಬರೆದದ್ದನ್ನು ಯಾರೂ ಮೂಸಿ ನೋಡಲಿಲ್ಲ. ಡಾಲಸ್, ಹ್ಯೂಸ್ಟನ್, ಆಸ್ಟಿನ್ನಿನ ಬಾರುಗಳಲ್ಲಿ ಅದನ್ನೇ ಹಾಡಿ ಹಾಡಿ ಹೊಟ್ಟೆ ಹೊರೆದರು. ಮನೆಯಲ್ಲಿ ಹಾಡುವಾಗ ಸೂರಿನ ಮೇಲೆ ವಿಮಾನ ಬಂದರೆ ನಿಲ್ಲಿಸಿ, ಸದ್ದಡಗಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಗಂಟಲು ಕೆಟ್ಟಾಗ ಅಮ್ಮ ಗೋಡೆ ತಟ್ಟಿ ಕರೆದು ಮೆಣಸಿನ ಸಾರು ಕೊಡುತ್ತಿದ್ದಳು. ಕಾಫಿ ಮಗ್ಗಿನಲ್ಲಿ, ಕಣ್ಣೀರು ಸುರಿಸುತ್ತ ಕುಡಿಯುತ್ತಿದ್ದರು. ಕೊನೆಗೆ ಸಾರಿಗೆ ಬಗ್ಗದ ನೋವು ಬಂತು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಅಷ್ಟರೊಳಗೆ, ತೀರಿಹೋದ ಹೆಂಡತಿಗಾಗಿ ಬರೆದ ಹಾಡನ್ನು ಒಮ್ಮೆ ಜನರೆದುರು ಹಾಡಬೇಕೆಂಬುದೊಂದೇ ಅವರ ಆಸೆ. ಬಾರಿನವರು ಒಪ್ಪಲಿಲ್ಲ. "ನಮ್ಮ ಯುಗಾದಿ ಫಂಕ್ಷನ್ನಲ್ಲಿ ಹಾಡ್ಲಿ ಬಿಡೇ, ನಮ್ಮವರು ಕೇಳ್ತಾರೆ" ಎಂದು ಅಪ್ಪ ಅಮ್ಮನಿಗೆ ಹೇಳಿದರು.

ಪಾಪ, ಅಪ್ಪನದು ಒಳ್ಳೆಯ ಮನಸ್ಸೇ. ಮಕ್ಕಳ ಕೋಲಾಟ ಮುಗಿದ ಮೇಲೆ, ಊಟಕ್ಕೆ ಮುಂಚೆ, ಎರಡು ಹಾಡಿಗೆ ಸಮಯ ಕೊಡಿಸಿದ್ದರು. ಮೊದಲನೆಯದು ದೋಣಿಯ ಹಾಡು. ಮುಗಿದದ್ದೇ ತಡ, ನಮ್ಮ ಜನ ಪ್ರೀತಿ ತೋರಿಸುವ ರೀತಿಯಲ್ಲೇ ತೋರಿಸಿದರು: ಶಿಳ್ಳೆ, ಚಪ್ಪಾಳೆ, "ಒನ್ಸ್ ಮೋರ್! ಒನ್ಸ್ ಮೋರ್!" ಎಲ್ಲರಿಗಿಂತ ಜೋರಾಗಿ ಕೂಗಿದವರು ಅಪ್ಪ. ಅಂಕಲ್ ಮೈಕಿನಲ್ಲಿ ಏನೋ ಹೇಳಹೋದರು, ಗಲಾಟೆಯಲ್ಲಿ ಕೇಳಿಸಲಿಲ್ಲ. ಅದನ್ನೇ ಮತ್ತೆ ಹಾಡಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಧ್ವನಿ ಒಡೆದುಹೋಯಿತು. "ಬಿಸಿಬೇಳೆಬಾತ್ ಆರ್ತಾ ಇದೆ, ಎಲ್ರೂ ಬನ್ರಿ" ಎಂದು ಯಾರೋ ಆಂಟಿ ಕರೆದರು, ಜನ ಎದ್ದರು. ವಾಪಸಾಗುವಾಗ ಅಂಕಲ್ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. "ಇನ್ನೊಂದು ಹಾಡ್ಲೇ ಇಲ್ವಲ್ರೀ" ಎಂದು ಅಮ್ಮ ಅಪ್ಪನಿಗೆ ಮೆಲ್ಲಗೆ ಹೇಳಿದಳು.

ಆಪರೇಷನ್ ಆದ ಮೇಲೆ ಗೋಡೆಯಾಚೆಯಿಂದ ಬರೀ ಗಿಟಾರ್ ಕೇಳುತ್ತಿತ್ತು. ಅದು ಹೆಂಡತಿಯ ಹಾಡೆಂದು ಅವರೇ ಚೀಟಿಯಲ್ಲಿ ಬರೆದು ತಿಳಿಸಿದ್ದರು; ಅದನ್ನು ಅವರು ಮನೆಯಲ್ಲೂ ಎಂದೂ ಹಾಡಿರಲಿಲ್ಲ. ವಿಮಾನ ಬಂದರೆ ಆಗಲೂ ನಿಲ್ಲಿಸುತ್ತಿದ್ದರು, ಯಾರೋ ಕೇಳುತ್ತಿದ್ದಾರೆಂಬಂತೆ. ಅದರ ಮಾತುಗಳನ್ನು ಬರೆದುಕೊಡಿ ಎಂದು ಅಮ್ಮ ಕೇಳಿದಾಗ ಇಲ್ಲವೆಂದು ತಲೆಯಲ್ಲಾಡಿಸಿಬಿಟ್ಟರು. ಆ ಚಳಿಗಾಲ ಅವರು ಹೋದರು. ಮಣ್ಣು ಮಾಡುವ ದಿನವೂ ದೋಣಿಯ ಹಾಡನ್ನೇ ಹಾಕಿದರು. ಅದು ಮುಗಿಯುವವರೆಗೂ ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಈಗ ಆ ಎರಡೂ ಮನೆಗಳನ್ನು ಕೆಡವಿದ್ದಾರೆ. ಗೋಡೆಯಾಚೆಯ ಆ ರಾಗ ನನಗೆ ಪೂರ್ತಿ ಬರುತ್ತದೆ. ಮಾತು ಯಾರಿಗೂ ಗೊತ್ತಿಲ್ಲ.