ಫರ್ಸಿಯ ಮೇಲೆ ನಿಂಬೆಹಣ್ಣಿನ ಕಲೆ ಬಿದ್ದರೆ ಏನು ಮಾಡಬೇಕು

ಮೊನ್ನೆ ಭಾನುವಾರ ಸುಸಲಾ ಮಾಡುತ್ತಿದ್ದೆ. ನೆನೆಸಿದ ಚುರುಮುರಿಗೆ ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಕೊನೆಗೆ ನಿಂಬೆಹಣ್ಣು ಹಿಂಡುವಾಗ ಅರ್ಧ ಹೋಳು ಕೈಜಾರಿ ನೆಲಕ್ಕೆ ಬಿತ್ತು. ಆಮೇಲೆ ಎತ್ತಿದರಾಯಿತು ಎಂದುಕೊಂಡೆ. ನಮ್ಮ ಮನೆಯ 'ಆಮೇಲೆ' ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಎತ್ತುವ ಹೊತ್ತಿಗೆ ಕಪ್ಪು ಬೂದು ಬಣ್ಣದ ಫರ್ಸಿ ಕಲ್ಲಿನ ಮೇಲೆ ರೂಪಾಯಿ ಬಿಲ್ಲೆಯಗಲ ಬಿಳಿ ಕಲೆ ಮೂಡಿತ್ತು. ಒರೆಸಿದೆ, ಹೋಗಲಿಲ್ಲ. ತಿಕ್ಕಿದೆ, ಇನ್ನಷ್ಟು ಎದ್ದು ಕಂಡಿತು. ಒದ್ದೆ ಕಲ್ಲಿನ ವಾಸನೆಯೂ ನಿಂಬೆಯ ವಾಸನೆಯೂ ಕೂಡಿ ಮೂಗಿಗೆ ಬಂದದ್ದೇ ತಡ, ನನಗೆ ಒಬ್ಬಳಿಗೇ ನಗು ಬಂತು. ಯಾಕೆಂದರೆ ಇಂಥದೇ ಒಂದು ಕಲೆಯ ಬೆನ್ನು ಹತ್ತಿ ನಾನು ಒಂದು ಕಾಲಕ್ಕೆ ಅರ್ಧ ವರ್ಷ ಅಲೆದಿದ್ದೆ.

ನಮ್ಮ ಮಲ್ಲಪ್ಪ ಕಾಕಾ ನೆಲಕ್ಕೆ ಫರ್ಸಿ ಕಲ್ಲು ಕೂಡಿಸುವ ಗೌಂಡಿ. ಅಪ್ಪನ ತಮ್ಮ. ಶಹಾಬಾದಿನಲ್ಲಿ ಹುಟ್ಟಿದವನಿಗೆ ಕಲ್ಲು ಬಿಟ್ಟು ಬೇರೆ ಏನು ಗೊತ್ತಿರಬೇಕು ಹೇಳಿ. ಹಾಸುವ ಮೊದಲು ಪ್ರತಿ ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಪೊಳ್ಳು ಸಪ್ಪಳ ಬಂದರೆ ಬದಿಗಿಡುತ್ತಿದ್ದ. ಮನುಷ್ಯರನ್ನೂ ಹಾಗೇ ಕೇಳುತ್ತಿದ್ದ ಅನ್ನುವುದು ನನಗೆ ತಡವಾಗಿ ತಿಳಿಯಿತು.

ನಾನು ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ; ಈಗಲೂ ಹೇಳಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಶಹಾಬಾದಿನಿಂದ ವಾಡಿಗೆ ಒಂದು ಗಾಡಿ, ವಾಡಿಯಲ್ಲಿ ಇಳಿದು ಕಾದು ಚಿತ್ತಾಪುರಕ್ಕೆ ಇನ್ನೊಂದು ಗಾಡಿ. ಹೀಗೆ ಮೂರು ವರ್ಷ ಕಾಲೇಜಿಗೆ ಹೋದವಳು. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಓದಿದ್ದೇ ಹೆಚ್ಚು. "ಹೆಣ್ಣುಹುಡುಗಿ, ಎರಡೆರಡು ಗಾಡಿ ಬದಲಾಯಿಸಿ ಓದೋದೇನದ?" ಎಂದು ಮನೆಯಲ್ಲಿ ಎಲ್ಲರೂ ಅಂದಾಗ, ಕಾಕಾ ಮಾತ್ರ, "ಓದ್ಲಿ ಬಿಡ್ರಿ. ನಮ್ಮ ಮನ್ಯಾಗ ಒಬ್ಬರರ ಕಾಗದ ಸೀದಾ ಹಿಡೀಲಿ" ಅಂದಿದ್ದ. ನಾನು ಪಾಸಾದೆ. ಕೆಲಸ ಸಿಕ್ಕಿದ್ದು ಒಂದು ಖಾಸಗಿ ಶಾಲೆಯಲ್ಲಿ, ಅದೂ ಬಹಳ ವರ್ಷ ಕಾದ ಮೇಲೆ. "ಬಿ.ಎ. ಮಾಡಸಿ ಏನ್ ಕಡದ್ ಕಟ್ಟಿ ಹಾಕ್ದಿ ಮಲ್ಲಪ್ಪಾ?" ಎಂದು ಜನ ಚೇಷ್ಟೆ ಮಾಡಿದರೆ ಕಾಕಾ ಬಾಯಲ್ಲಿದ್ದ ಎಲೆಯಡಿಕೆ ಉಗುಳಲು ಎದ್ದು ಹೋಗುತ್ತಿದ್ದ. ಹಾಗೆ ಎದ್ದು ಹೋಗುವುದನ್ನು ಕಂಡು ನನಗೆ ನೋವಾಗುತ್ತಿತ್ತು.

ಅಷ್ಟರಲ್ಲಿ ಥಳಥಳ ಹೊಳೆಯುವ ಟೈಲ್ಸ್ ಬಂದವು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಶಹಾಬಾದಿನ ಮನೆಗಳಿಗೇ ಹೊರಗಿನ ಟೈಲ್ಸ್ ಲಾರಿಯಲ್ಲಿ ಬರತೊಡಗಿದರೆ ಫರ್ಸಿಯವನನ್ನು ಯಾರು ಕರೆಯಬೇಕು? ದಸರೆಗೆ ಹತೋಡಿ, ಉಳಿ, ತೂಗುಗುಂಡು, ದಾರಗಳಿಗೆ ಪೂಜೆ ಮಾಡಿದ ಕಾಕಾ ಕುಂಕುಮದ ಕೈ ಒರೆಸಿಕೊಳ್ಳುತ್ತ ಹೇಳಿದ: "ಯುಗಾದಿ ತನಕ ನೋಡ್ತೀನವಾ. ಕೆಲಸಾ ಬರ್ಲಿಲ್ಲಂದ್ರ ಇವನ್ನೆಲ್ಲಾ ಅಟ್ಟದ ಮ್ಯಾಲ ಇಡ್ತೀನಿ. ಫ್ಯಾಕ್ಟ್ರಿ ಗೇಟಿಗೆ ಮಂದಿ ಬೇಕಾಗ್ಯಾರಂತ."

ಗೇಟು ಕಾಯುವುದು ಕೀಳೆಂದಲ್ಲ. ಆದರೆ ಕಲ್ಲಿನ ಸಪ್ಪಳ ಕೇಳುವ ಕಿವಿ ಲಾರಿಯ ಹಾರ್ನ್ ಕೇಳುತ್ತ ಕೂರುವುದನ್ನು ನೆನೆಸಿಕೊಂಡು ನನಗೆ ಆ ದಿನ ಹೋಳಿಗೆ ಇಳಿಯಲಿಲ್ಲ. ಮೂರು ತಿಂದೆ, ಅದು ಬೇರೆ ಮಾತು.

ನಮ್ಮ ಶಾಲೆಯ ಎದುರಿಗೆ ಖಾಜಾ ಭಾಯಿಯ ಸೈಬರ್ ಕೆಫೆ ಇತ್ತು. ಪ್ಲೈವುಡ್ಡಿನ ನಾಲ್ಕು ಗೂಡು, ನಾಲ್ಕು ಕಂಪ್ಯೂಟರ್. ಪುಕ್ಕಟೆ ಬ್ಲಾಗ್ ಮಾಡಬಹುದು, ಜನ ಹುಡುಕಿಕೊಂಡು ಬರುತ್ತಾರೆ ಎಂದು ಅವನೇ ಹೇಳಿದ್ದ. ನಾನು ಮಾಡಿದೆ. ಬಿ.ಎ. ಆದವಳಲ್ಲವೇ, ಇಂಗ್ಲಿಷಿನಲ್ಲಿ ಮಾಡಿದೆ. 'ಪ್ರಾಚೀನ ಕಾಲದಿಂದಲೂ ಸುಣ್ಣಶಿಲೆಯು ಮಾನವನ ವಾಸಸ್ಥಾನಕ್ಕೆ ಶೋಭೆಯನ್ನು ತಂದಿದೆ' ಎಂಬ ಅರ್ಥ ಬರುವ ವಾಕ್ಯದಿಂದ ಶುರು. 'ಫರ್ಸಿ' ಎಂಬ ಪದ ಎಲ್ಲೂ ಇಲ್ಲ. ಅದು ಓದಿದವರು ಬರೆಯುವ ಶಬ್ದವಲ್ಲ ಎಂದು ನನ್ನ ತಿಳುವಳಿಕೆ. ಕೆಳಗೆ ಕಾಕಾನ ಮೊಬೈಲ್ ನಂಬರು.

ಎಷ್ಟು ಜನ ಬಂದರು ಎಂದು ತೋರಿಸುವ ಅಂಕಿ ಪುಟದ ಅಡಿಗಿತ್ತು. ದಿನವೂ ಶಾಲೆ ಬಿಟ್ಟೊಡನೆ ಹೋಗಿ ತೆರೆದು ನೋಡುತ್ತಿದ್ದೆ. ದಿನವೂ ಒಂದೊಂದು ಏರುತ್ತಿತ್ತು. ನನಗೆ ಹಿಗ್ಗು. ಒಂದು ದಿನ ಖಾಜಾ ಭಾಯಿ ಹಿಂದೆ ಬಂದು ನಿಂತು ನೋಡಿ, "ಮೇಡಂ, ನಾರಾಜ್ ಆಗಬ್ಯಾಡ್ರಿ, ಆ ಒಂದು ಮಂದಿ ನೀವೇ ಅದೀರಿ" ಅಂದ.

ಆಮೇಲೆ ಕುರ್ಚಿ ಎಳೆದು ಕುಂತು ಪಾಠ ಮಾಡಿದ. 'ಲೈಮ್‌ಸ್ಟೋನ್' ಎಂದು ಹುಡುಕಿ ತೋರಿಸಿದ. ದೇಶವಿದೇಶದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಸಾಲಾಗಿ ನಿಂತಿದ್ದವು. ಪುಟದ ಮೇಲೆ ಪುಟ ತಿರುವಿದರೂ ನಮ್ಮ ಮಲ್ಲಪ್ಪ ಕಾಕಾ ಸಿಗಲಿಲ್ಲ. "ಒಂದೇ ಶಬ್ದಕ್ಕ ಬಜಾರದಾಗಿನ ಸಾವ್ಕಾರ್ರೆಲ್ಲಾ ಜಗಳಾಡಾಕತ್ತಾರ. ನೀವು ಅಲ್ಲಿ ಹೋಗಿ ಏನ್ ಮಾಡ್ತೀರಿ? ಮಂದಿ ಉದ್ದುದ್ದ ಕೇಳ್ತಾರಲ್ಲ, ಐದಾರು ಶಬ್ದದ್ದು, ಅದನ್ನ ಹಿಡೀರಿ. ಅದಕ್ಕ ಲಾಂಗ್ ಟೇಲ್ ಕೀವರ್ಡ್ ಅಂತಾರ. ಕೇಳವರು ಕಮ್ಮಿ, ಆದ್ರ ಬಂದವ್ರು ಖರೇನೇ ಬೇಕಾಗಿ ಬಂದಿರ್ತಾರ."

ಇಂಥ ಉದ್ದ ಮಾತು ಹುಡುಕುವ ದಾರಿಯೆಲ್ಲ ಪುಕ್ಕಟೆ. ಹುಡುಕುವ ಪೆಟ್ಟಿಗೆಯಲ್ಲಿ ಅರ್ಧ ವಾಕ್ಯ ಬರೆದು ಕೈ ತೆಗೆಯಬೇಕು. ಉಳಿದರ್ಧವನ್ನು ಅದೇ ತೋರಿಸುತ್ತದೆ. ಪುಟದ ತಳದಲ್ಲಿ, ಇದನ್ನು ಕೇಳಿದವರು ಇನ್ನೇನು ಕೇಳಿದರು ಎಂಬ ಪಟ್ಟಿ ಇರುತ್ತದೆ. ಜಾಹೀರಾತು ಕೊಡುವವರಿಗೆಂದು ಇಟ್ಟ ಒಂದು ಉಪಕರಣವೂ ಇತ್ತು. ತಿಂಗಳಿಗೆ ಎಷ್ಟು ಜನ ಕೇಳುತ್ತಾರೆಂದು ಹೇಳುತ್ತಿತ್ತು, ಅದಕ್ಕೂ ದುಡ್ಡಿಲ್ಲ. ಆದರೆ ಪೆಟ್ಟಿಗೆಗೆ ಮೊದಲರ್ಧ ನಾವೇ ಕೊಡಬೇಕಲ್ಲ? ನನ್ನ ತಲೆಯಲ್ಲಿ ಇದ್ದದ್ದೆಲ್ಲ 'ಪ್ರಾಚೀನ ಕಾಲದಿಂದಲೂ'.

ಮನೆಗೆ ಬಂದು ಕಾಕಾನಿಗೆ ಹೇಳಿದೆ: "ಉದ್ದ ಬಾಲ ಇರೋ ಮಾತು ಬೇಕಂತ ಕಾಕಾ."

"ಬಾಲ ಉದ್ದ ಇದ್ದದ್ದು ಮಂಗ್ಯಾ. ಮಾತಿಗೆಲ್ಲಿ ಬಾಲ?" ಎಂದು ನಕ್ಕ. ವಿವರಿಸಿದ ಮೇಲೆ, "ಹಂಗಂತೇನು? 'ಫರ್ಸಿ ಬೇಕು' ಅನ್ನಾವ ಅಂಗಡಿಗಿ ಹೋಗ್ತಾನವಾ. 'ನಮ್ಮ ಅಡಗಿ ಮನ್ಯಾಗ, ಒಲಿ ಬಾಜೂಕ, ಎರಡನೇ ಕಲ್ಲಿನ ಮ್ಯಾಲ' ಅಂತ ಶುರು ಮಾಡಾಕಿ ನನ್ನ ಕರೀತಾಳ" ಅಂದ.

ಖಾಜಾ ಭಾಯಿ ಅರ್ಧ ತಾಸು ಹೇಳಿದ್ದನ್ನು ಶಾಲೆಯ ಮೆಟ್ಟಿಲು ಹತ್ತದ ಕಾಕಾ ಎರಡೇ ಮಾತಿನಲ್ಲಿ ಹೇಳಿ ಬೀಡಿ ಹಚ್ಚಿದ.

ಮರುವಾರದಿಂದ ನಾನು ಅವನ ಹಿಂದೆ ಬಿದ್ದೆ. ರಜೆ ಇದ್ದಾಗ ಅವನು ಹಿಂದೆ ಕೆಲಸ ಮಾಡಿದ ಮನೆಗಳಿಗೆ ಹೋಗುವುದು, ಚಹಾ ಕುಡಿಯುವುದು, ಕೇಳುವುದು, ಬರೆದುಕೊಳ್ಳುವುದು. ಕಾಕಾನ ರೀತಿ ವಿಚಿತ್ರ. ಯಾರ ಮನೆಗೆ ಹೋದರೂ ಮೊದಲು ನೀರು ಕೇಳಿ ನೆಲದ ಮೇಲೆ ಕೂರುವನು. ಮನೆಯಾಕೆ ಮಾತು ಮುಗಿಸುವವರೆಗೆ ಕಲ್ಲನ್ನು ನೋಡುವುದೇ ಇಲ್ಲ, ಆಕೆಯ ಮುಖವನ್ನೇ ನೋಡುವನು. ಸೇಡಂನಲ್ಲಿ ಅಕ್ಕನ ಅತ್ತೆ, ಎರಡು ಕಲ್ಲಿನ ಸಂದಿಯಿಂದ ಬರುವ ಕೆಂಪಿರುವೆಯ ವಿಷಯ ಹೇಳಲು ಹೋಗಿ ತನ್ನ ಮೈದುನನ ಪಾಲುಪಟ್ಟಿಯ ತನಕ ಹೇಳಿದಳು. ಚಿಂಚೋಳಿಯಲ್ಲಿ ಮಳೆಗಾಲಕ್ಕೆ ಬೆವರುವ ನೆಲ. ವಾಡಿಯಲ್ಲಿ ಹಳಿಯ ಮಗ್ಗುಲಿನ ಮನೆಯ ಅಜ್ಜಿ, "ಮದ್ರಾಸ್ ಗಾಡಿ ಹೋದ್ರ ಗಡಗಡ ಅಂತದ, ಗೂಡ್ಸ್ ಹೋದ್ರ ಸುಮ್ಮನಿರ್ತದ, ಇದೇನ್ ಫರ್ಸಿನೋ ಮಾರಾಯ" ಅಂದಳು. ಅದನ್ನೂ ಶ್ರದ್ಧೆಯಿಂದ ಬರೆದುಕೊಂಡು ಹೋಗಿ ಉಪಕರಣಕ್ಕೆ ಹಾಕಿದೆ. ಅಂಕಿಯ ಜಾಗದಲ್ಲಿ ಒಂದು ಸಣ್ಣ ಗೆರೆ ಬಂತು. ಲೋಕದಲ್ಲಿ ಆ ಪ್ರಶ್ನೆ ಇದ್ದದ್ದು ಆ ಅಜ್ಜಿಗೆ ಒಬ್ಬಳಿಗೇ.

ಆದರೆ ಎಲ್ಲ ಊರಿನಲ್ಲೂ ಬಂದ ಒಂದು ಗೋಳಿತ್ತು. ಎಣ್ಣೆ ಕಲೆ ಬಿತ್ತೆಂದು ನಿಂಬೆಹಣ್ಣು ತಿಕ್ಕಿದರು, ಎಣ್ಣೆ ಕಲೆ ಹೋಗಲಿಲ್ಲ, ಮೇಲಿಂದ ಬಿಳಿ ಕಲೆ ಬಂತು. ನಮ್ಮ ಕಲ್ಲಿಗೂ ಹುಳಿಗೂ ಆಗುವುದಿಲ್ಲ. ಹುಳಿ ಕಲ್ಲಿನ ಮೈಯನ್ನೇ ತಿನ್ನುತ್ತದೆ. ಖಾಜಾ ಭಾಯಿಯ ಗೂಡಿನಲ್ಲಿ ಕೂತು, ಇಂಗ್ಲಿಷ್ ಅಕ್ಷರದ ಹಿಂದಿಯಲ್ಲಿ 'ಶಹಾಬಾದಿ ಫರ್ಶಿ ಪರ್ ನಿಂಬೂ' ಎಂದು ಬರೆದು ಕೈ ತೆಗೆದೆ. ಪೆಟ್ಟಿಗೆ ತಾನಾಗಿ ಮುಂದುವರಿಸಿತು: 'ಕೆ ಸಫೇದ್ ದಾಗ್ ಕೈಸೇ ನಿಕಾಲೇ', ಅಂದರೆ ನಿಂಬೆಯ ಬಿಳಿ ಕಲೆ ತೆಗೆಯುವುದು ಹೇಗೆ.

ಮೈ ಜುಮ್ಮೆಂದಿತು. ಯಾವ ಊರಿನ ಯಾವ ಅಡುಗೆಮನೆಯಲ್ಲೋ ಯಾರೋ ಕುಕ್ಕರಗಾಲಲ್ಲಿ ಕೂತು ನಮ್ಮ ಕಲ್ಲನ್ನು ನೋಡುತ್ತಿದ್ದಾರೆ ಅನಿಸಿತು. ಅಂಕಿ ಸಣ್ಣದಿತ್ತು, ಆದರೆ ಗೆರೆಯಾಗಿರಲಿಲ್ಲ. ಉತ್ತರಗಳನ್ನು ತೆರೆದು ನೋಡಿದರೆ ಎಲ್ಲ ಮಾರ್ಬಲ್ಲಿನ ಮಾತು, ಸಾಬೂನಿನ ಜಾಹೀರಾತು. ಫರ್ಸಿಯವನು ಒಬ್ಬನೂ ಇಲ್ಲ.

ಆ ಸಂಜೆಯೇ ನನ್ನ ಜ್ಞಾನದಿಂದ ಉಪಾಯ ಬರೆದು ಕಾಕಾನಿಗೆ ಓದಿ ತೋರಿಸಿದೆ. "ಮಾಡಿ ನೋಡೀಯೇನು?" ಅಂದ. ಇಲ್ಲ. "ಮತ್ತ ಮಂದೀಗಿ ಹೆಂಗ ಹೇಳ್ತಿ?" ಎಂದವನೇ ಎದ್ದು ಹೋಗಿ ಒಂದು ನಿಂಬೆಹಣ್ಣು ಕೊಯ್ದು ತನ್ನದೇ ಅಡುಗೆಮನೆಯ ನಟ್ಟನಡುವೆ ಹಿಂಡಿದ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

"ನಿಮಗೇನ್ ಹುಚ್ಚರ ಹಿಡದದೇನು! ತಿಂಗಳಿಗೊಮ್ಮೆ ಕುಸುಬಿ ಎಣ್ಣಿ ಹಚ್ಚಿ ಕಾಪಾಡಿದ ಫರ್ಸಿ ಅದು!"

"ತಡೀ. ನಿನ್ನ ಮಗಳು ಕಂಪ್ಯೂಟ್ರದಾಗ ಬರಿಯಾಕತ್ತಾಳ."

"ಕಂಪ್ಯೂಟ್ರದ ಮ್ಯಾಲೇ ಹಿಂಡ್ರಿ ಹಂಗಾದ್ರ!"

ಕಲೆ ಮೂಡಿತು. ನನ್ನ ಉಪಾಯ ಹಚ್ಚಿದಾಗ ಅದು ಎರಡರಷ್ಟಾಯಿತು. ಕಾಕಾ ಒರಟು ಸಾಣೆಕಲ್ಲಿನ ಚೂರು ತೆಗೆದು, ನೀರು ಚಿಮುಕಿಸಿ, ಬಳೆಯಾಕಾರ ತಿರುಗಿಸುತ್ತ ತಿಕ್ಕಿದ. ಆಮೇಲೆ ನಯವಾದದ್ದು. ಆಮೇಲೆ ಒಣಬಟ್ಟೆ. ಕೊನೆಗೆ ಬೆರಳ ತುದಿಯಲ್ಲಿ ಒಂದು ಹನಿ ಕುಸುಬಿ ಎಣ್ಣೆ. ಕಲ್ಲು ಮೊದಲಿನ ಬಣ್ಣಕ್ಕೆ ಬಂತು. ಚಿಗವ್ವ ಬಗ್ಗಿ ನೋಡಿ ರೊಟ್ಟಿ ತಿರುವಿ ಹಾಕಿದಳು. ನಮ್ಮ ಮನೆಯಲ್ಲಿ ಶಹಬ್ಬಾಸ್ ಅನ್ನುವುದು ಹಾಗೇ.

ನಾನು ಕಂಡದ್ದನ್ನು ಕಂಡ ಹಾಗೆ, ನನ್ನ ಹರಕು ಹಿಂದಿಯಲ್ಲಿ ಬರೆದೆ. ಜನ ಕೇಳುವ ಪ್ರಶ್ನೆಯನ್ನೇ ತಲೆಬರಹ ಮಾಡಿದೆ. ಮೊದಲ ಸಲ 'ಫರ್ಶಿ' ಎಂದು ಬರೆದೆ, ಆಕಾಶವೇನೂ ಬೀಳಲಿಲ್ಲ.

ಸಂಕ್ರಾಂತಿ ಹೋಯಿತು. ಶಿವರಾತ್ರಿ ಹೋಯಿತು. ಅಂಕಿ ಮೆಲ್ಲಗೆ ಏರತೊಡಗಿತು, ನಾನು ತೆರೆಯದ ದಿನವೂ. ಆದರೆ ಕಾಕಾನ ಫೋನು ಸುಮ್ಮನೆ ಇತ್ತು. ಅವನು ಗೇಟಿನ ಕೆಲಸಕ್ಕೆಂದು ಫೋಟೋ ತೆಗೆಸಿಕೊಂಡು ಬಂದ. ನನಗೆ ತೋರಿಸಿ, "ಚೊಲೋ ಬಂದೀನಿಲ್ಲ?" ಅಂದ. ಚೊಲೋ ಬಂದಿದ್ದ. ಅದಕ್ಕೇ ನನಗೆ ಅಳು ಬಂತು.

ಯುಗಾದಿಗೆ ಹತ್ತು ದಿನ ಇರುವಾಗ, ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. ಸೊಲ್ಲಾಪುರದ ಒಬ್ಬ ಹಿರಿಯ ಹೆಣ್ಣುಮಗಳು, ಮನೆಮಾತು ಕನ್ನಡ. ಕಾಕಾ ಸ್ಪೀಕರ್ ಹಾಕಿದ. "ನಿಂಬಿಹಣ್ಣಿನ ಕಲಿ ಹೋತ್ರೀ, ನೀವು ಬರಸಿದಂಗ ಮಾಡಿದೆ" ಎಂದು ಆಕೆ ಶುರು ಮಾಡಿದರು. ಆಮೇಲೆ ಅವರ ಹಳೆಯ ವಾಡೆಯ ಪಡಸಾಲೆ, ಕುಸಿದ ನಾಲ್ಕು ಕಲ್ಲು, ಎಲ್ಲ ಕಿತ್ತು ಟೈಲ್ಸ್ ಹಾಕುತ್ತೇನೆನ್ನುವ ಗುತ್ತಿಗೆದಾರ, ಆ ನೆಲದ ಮೇಲೆ ಅಂಬೆಗಾಲಿಟ್ಟ ಮೂರು ಮಕ್ಕಳು, ಅದರಲ್ಲಿ ನಡುವಿನವನ ಹಟಮಾರಿತನ. ಕಾಕಾ ಕೈಯಲ್ಲಿ ತುತ್ತು ಹಿಡಿದುಕೊಂಡೇ "ಹೂಂ ತಾಯಿ... ಹೂಂ" ಎನ್ನುತ್ತಿದ್ದ. ತುತ್ತು ಒಣಗಿತು. ಕೊನೆಗೆ ಒಂದೇ ಮಾತು ಕೇಳಿದ: "ಕುಸಿದ ಕಲ್ಲು ಬಡದ್ರ ಸಪ್ಪಳಾ ಹೆಂಗ ಬರ್ತದ್ರಿ? ಹೋಗಿ ಬಡೀರಿ, ನಾ ಇಲ್ಲೇ ಕೇಳ್ತೀನಿ."

ಫೋನಿನಲ್ಲಿ ಟಕ್ ಟಕ್ ಎಂದಿತು. ಕಾಕಾ ಕಣ್ಣು ಮುಚ್ಚಿ ಕೇಳಿದ. "ಕಲ್ಲು ಗಟ್ಟಿ ಅದಾವ ತಾಯಿ. ಕೆಳಗಿನ ಮಣ್ಣು ಸರದದ. ಒಂದೂ ಒಡೀಬ್ಯಾಡ್ರಿ. ಸೋಮವಾರ ಬರ್ತೀನಿ."

ಕುಂಕುಮ ಹತ್ತಿದ ಹತೋಡಿ ಅಟ್ಟ ಹತ್ತಲಿಲ್ಲ, ಸೊಲ್ಲಾಪುರದ ಗಾಡಿ ಹತ್ತಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಸರು ಹೋಯಿತು. ಹೊಸದು ಹಾಸುವುದಕ್ಕಿಂತ ಹಳೆಯ ನೆಲ ಎತ್ತಿ ಕೂಡಿಸುವ ಕೆಲಸವೇ ಹೆಚ್ಚಾಗಿ, ಕಾಕಾ ಇನ್ನೂ ಬಹಳ ವರ್ಷ ದುಡಿದ. ಕಟ್ಟೆಯ ಮೇಲೆ ಜನ ಚೇಷ್ಟೆ ಮಾಡಿದರೆ ಈಗ ಎದ್ದು ಹೋಗುತ್ತಿರಲಿಲ್ಲ. "ನಮ್ಮ ಹುಡುಗಿ ಬಿ.ಎ. ಆಗ್ಯಾಳ. ಸೊಲ್ಲಾಪುರದಾಗ ಕೇಳಿ ಬರ್ರಿ" ಅನ್ನುತ್ತಿದ್ದ.

ಇಷ್ಟೆಲ್ಲ ಗೊತ್ತಿದ್ದವಳು ಮೊನ್ನೆ ಏನು ಮಾಡಿದೆ ಗೊತ್ತೇ? ಉಪಾಯ ಮರೆತು ಫೋನ್ ತೆಗೆದೆ. ಅರ್ಧ ಬರೆದೆ, ಉಳಿದದ್ದನ್ನು ಅದೇ ಬರೆಯಿತು. ಮೊದಲು ಬಂದ ಪುಟದ ಹಿಂದಿ ಭಾಳ ಹರಕು ಅನಿಸಿತು. ಎರಡನೇ ಸಾಲಿಗೆ ಬಂದಾಗ, ಈ ಹರಕು ಯಾರದೆಂದು ತಿಳಿಯಿತು.

ನಾಚಿಕೆಯಾಗಿ ಕಾಕಾನಿಗೇ ಫೋನ್ ಮಾಡಿದೆ. ವಯಸ್ಸಾಗಿ ಈಗ ಅವನ ಕೈ ನಡುಗುತ್ತದೆ, ಕಿವಿ ಮಾತ್ರ ಚುರುಕಿದೆ.

"ಕಾಕಾ, ಫರ್ಸಿ ಮ್ಯಾಲ ನಿಂಬಿಹಣ್ಣಿನ ಕಲಿ ಬಿದ್ದದ."

"ಪೂರಾ ಹೇಳು. ಯಾವ ಕಲ್ಲು, ಎಲ್ಲಿ, ಹಣ್ಣು ಯಾಕ ಹಿಂಡಿದಿ?"

ಹೇಳಿದೆ. ಅಡುಗೆಮನೆ, ಒಲೆಯ ಬಾಜೂಕ, ಎರಡನೇ ಕಲ್ಲು, ಭಾನುವಾರ, ಸುಸಲಾ.

"ಸುಸಲಾ ತಿಂದೇನು?"

"ಇನ್ನೂ ಇಲ್ಲ."

"ಹುಚ್ಚೀ, ಮೆತ್ತಗಾಗ್ತದ, ಮೊದಲು ತಿನ್ನು. ಕಲ್ಲೇನು ಓಡಿ ಹೋಗ್ತದ?"

ತಟ್ಟೆಗೆ ಹಾಕಿಕೊಂಡು ಆ ಬಿಳಿ ಕಲೆಯ ಮಗ್ಗುಲಿಗೇ ಕೂತೆ. ಎಡಗೈ ಗೆಣ್ಣಿನಿಂದ ಕಲ್ಲನ್ನು ಒಮ್ಮೆ ಬಡಿದೆ, ಫೋನನ್ನು ಹತ್ತಿರ ಹಿಡಿದು.

"ಗಟ್ಟಿ ಅದ" ಅಂದ ಕಾಕಾ, ಆ ಕಡೆಯಿಂದ.