ಸಿಲೋನಿಗೆ ಹೊರಟ ಟ್ರಂಕು

ತಗಡಿನ ಟ್ರಂಕುಗಳಿಗೆಲ್ಲ ಒಂದೇ ಮುಖ. ಮನುಷ್ಯರಲ್ಲಿ ಅವಳಿಜವಳಿ ಅಪರೂಪ. ಟ್ರಂಕುಗಳಲ್ಲಿ ಒಂಟಿಯಾಗಿ ಹುಟ್ಟಿದ್ದೇ ಅಪರೂಪ. ಕಪ್ಪು ಮೈ, ಮುಚ್ಚಳದ ಮೇಲೆ ಕೆಂಪು ಗುಲಾಬಿ, ಅದಕ್ಕೆ ಹಸಿರು ಎಲೆ. ಆಂಡರ್ಸನ್‌ಪೇಟೆಯಲ್ಲಿ ಟ್ರಂಕಿಗೆ ಬಣ್ಣ ಹೊಡೆಯುತ್ತಿದ್ದವನಿಗೆ ಬೇರೆ ಹೂವು ಬರೆಯಲು ಬರುತ್ತಿರಲಿಲ್ಲ. ಸುತ್ತಮುತ್ತ ಮದುವೆಯಾದ ಹುಡುಗಿಯರೆಲ್ಲ ಅದೇ ಗುಲಾಬಿಯ ಜೊತೆ ಗಂಡನ ಮನೆಗೆ ಹೋಗುತ್ತಿದ್ದರು. ನನ್ನ ಹೆಂಡತಿ ಪದ್ಮಳೂ ಹಾಗೆಯೇ ಬಂದವಳು. ಆ ಟ್ರಂಕನ್ನೇ ಎತ್ತಿಕೊಂಡು ನಾವು ಫಾರಿನ್ನಿಗೆ ಹೊರಟೆವು.

ಫಾರಿನ್ ಅಂದರೆ ಸಿಲೋನು. ನಗಬೇಡಿ. ಐವತ್ತರ ದಶಕದ ಕೊನೆಯಲ್ಲಿ ಚಿನ್ನದ ಗಣಿಯ ಆಫೀಸಿನ ಗುಮಾಸ್ತನೊಬ್ಬನ ಕೈಗೆಟುಕುತ್ತಿದ್ದ ಫಾರಿನ್ ಅದೊಂದೇ. ಪದ್ಮಳ ಅಣ್ಣ ಅಲ್ಲಿ ಕಡಲತೀರದ ಒಂದು ಊರಿನಲ್ಲಿ ಅಂಗಡಿ ಇಟ್ಟಿದ್ದ. ಬನ್ನಿ, ಸಮುದ್ರ ನೋಡಿ, ಎಳನೀರು ಕುಡಿದು ಆರಾಮಾಗಿ ಬಿದ್ದುಕೊಳ್ಳಿ ಎಂದು ಕರೆಯುತ್ತಲೇ ಇದ್ದ. ನಾನು ಕಪ್ಪು ಕನ್ನಡಕ ಕೊಂಡು ಮನೆಯೊಳಗೇ ಹಾಕಿಕೊಂಡು ಅಭ್ಯಾಸ ಮಾಡಿದೆ; ಬಾಗಿಲಿಗೆ ಹಣೆ ಹೊಡೆದುಕೊಂಡೆ. ಸಮುದ್ರಸ್ನಾನಕ್ಕೆಂದು ಪಟ್ಟೆಪಟ್ಟೆ ಚಡ್ಡಿ ಹೊಲಿಸಿದೆ; ಯಾವ ನಾಟಕಕ್ಕೆ ಸ್ವಾಮಿ ಎಂದು ದರ್ಜಿ ಕೇಳಿದ. ಊರಿನಲ್ಲಿ ನಮ್ಮ ಪ್ರಯಾಣದ ವಿಷಯ ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ ಅದು ನನ್ನ ತಪ್ಪಲ್ಲ.

ಹೊರಡುವ ಬೆಳಿಗ್ಗೆ ನೆಲ ನಡುಗಿತು. ಗಣಿಯೂರಿನವರಿಗೆ ಇದು ಹೊಸದಲ್ಲ. ಭೂಮಿಯೊಳಗೆ ಎಲ್ಲೋ ಬಂಡೆ ಸಿಡಿಯುತ್ತದೆ, ಮೇಲೆ ನಮ್ಮ ಲೋಟ ತಟ್ಟೆ ಗಲಗಲ ಅನ್ನುತ್ತವೆ, ನಾವು ಕಾಫಿ ಕುಡಿಯುತ್ತಲೇ ಇರುತ್ತೇವೆ. ಆದರೆ ಅವತ್ತು ಅಡುಗೆಮನೆಯ ಒಂದು ಚಮಚವೂ ಅಲುಗಲಿಲ್ಲ. ಹಜಾರದಲ್ಲಿದ್ದ ಟ್ರಂಕು ಮಾತ್ರ ಅಲುಗಿತು, ಒಳಗೆ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ. ನನ್ನ ತಾಯಿ ಅದನ್ನು ನೋಡಿದಳು. ಒಂದು ಗಳಿಗೆ ಕೂತು ಹೋಗಿ ಎಂದಷ್ಟೇ ಅಂದಳು. ಕೂತೆವು. ಟ್ರಂಕೂ ಸುಮ್ಮನೆ ಕೂತಿತ್ತು.

ಕೋರಮಂಡಲ್ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ಹತ್ತಿದಾಗ ಮಂಜು ಇನ್ನೂ ಕರಗಿರಲಿಲ್ಲ. ಚಿನ್ನ ತೆಗೆದು ಸುರಿದ ಮಣ್ಣಿನ ಬೂದು ದಿಬ್ಬಗಳು ಕಿಟಕಿಯ ಪಕ್ಕದಲ್ಲೇ ನಡೆದು ಬರುತ್ತಿದ್ದಂತಿತ್ತು. ಗಣಿಯ ಬಾಯಿಯ ಮೇಲಿನ ದೊಡ್ಡ ಚಕ್ರ, ಕೆಳಗೆ ಕಂಬಗಳೇ ಕಾಣದೆ, ಬರಿಯ ಗಾಳಿಯಲ್ಲಿ ತಿರುಗುತ್ತಿತ್ತು. ನಮ್ಮ ಸೀಮೆಯ ಹೆಸರುಗಳೇ ಹಾಗೆ. ಬಂಗಾರ ಇರುವ ಊರಿಗೆ ಬಿಳಿ ದೊರೆಗಳ ಹೆಸರು, ಒಂದು ಗುಲಗಂಜಿ ಬಂಗಾರವೂ ಸಿಗದ ಜಂಕ್ಷನ್ನಿಗೆ ಬಂಗಾರಪೇಟೆ ಎಂದು ಹೆಸರು. ಈ ಮಾತನ್ನು ಪದ್ಮಳಿಗೆ ಹೇಳಿ ನಗಿಸಬೇಕೆಂದು ತಿರುಗಿದರೆ, ಅವಳು ಎದುರು ಸೀಟಿನ ಮುದುಕಿಯನ್ನು ನೋಡುತ್ತಿದ್ದಳು. ಮುದುಕಿ ಇವಳನ್ನು ನೋಡುತ್ತಿದ್ದಳು.

ಹಳ್ಳಿಯ ಒಕ್ಕಲು ಹೆಂಗಸು. ಪಕ್ಕದಲ್ಲಿ ತಲೆಗೆ ಟವಲು ಸುತ್ತಿಕೊಂಡ ಗಂಡ. ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ನನಗೆ ಅಷ್ಟೇ ಬೇಕಾಗಿತ್ತು. ಸಿಲೋನಿನ ಭೂಗೋಳವನ್ನು ವಿಸ್ತಾರವಾಗಿ ಬಿಚ್ಚಿದೆ. ಸಮುದ್ರ ದಾಟಬೇಕು ಎಂದಾಗ ಅವಳು ಪದ್ಮಳ ಗಲ್ಲ ಮುಟ್ಟಿ ಕೇಳಿದಳು:

"ಅಲ್ಲಿಗೆ ಓದೋರು ತಿರ್ಗಾ ಬತ್ತಾರೇನವ್ವಾ?"

ಓದಿದವರ ವಿಷಯ ಕೇಳುತ್ತಿದ್ದಾಳೆ ಎಂದುಕೊಂಡು ನಾನು, ಓದಿದವರಿಗೆ ಅಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ, ಬಹಳ ಜನ ಅಲ್ಲೇ ಉಳಿಯುತ್ತಾರೆ ಎಂದೆ. ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಬಂಗಾರಪೇಟೆಯಲ್ಲಿ ಒಬ್ಬನೇ ಕೂಲಿ ನಮ್ಮ ಸಾಮಾನನ್ನೂ ಅವರದನ್ನೂ ಇಳಿಸಿದ. ನಾವು ವೇಟಿಂಗ್ ರೂಮಿನಲ್ಲಿ ಮದ್ರಾಸಿನ ರೈಲಿಗೆ ಕಾಯುತ್ತ ಕೂತೆವು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಪದ್ಮಳಿಗೆ ಬಾಚಣಿಗೆ ಬೇಕಾಯಿತು. ಬೀಗ ಸಲೀಸಾಗಿ ತೆರೆಯಿತು. ಬೀಗಗಳೂ ಟ್ರಂಕುಗಳ ಹಾಗೆಯೇ, ಎಲ್ಲದಕ್ಕೂ ಒಂದೇ ಕೀಲಿ. ಮುಚ್ಚಳ ಎತ್ತಿದರೆ ಬೇವಿನೆಲೆಯ ವಾಸನೆ. ನನ್ನ ಚಡ್ಡಿಯೂ ಇಲ್ಲ, ಕನ್ನಡಕವೂ ಇಲ್ಲ. ಮಡಿಕೆ ಮುರಿಯದ ಸೀರೆಗಳು, ಕುಂಕುಮದ ಭರಣಿ, ಪುಟ್ಟ ಕನ್ನಡಿ, ನೂಲಿನಲ್ಲಿ ಕಟ್ಟಿದ ಹಸಿರು ಗಾಜಿನ ಬಳೆಗಳು.

ಬಳೆ ತೊಡಿಸಿಕೊಳ್ಳುವುದೆಂದರೆ ಪದ್ಮಳಿಗೆ ಒಂದು ಶಿಕ್ಷೆ. ಅವಳ ಕೈಯ ಮೂಳೆ ದಪ್ಪ. ಆಂಡರ್ಸನ್‌ಪೇಟೆಯ ಬಳೆಗಾರ ಬೆವರು ಒರೆಸಿಕೊಂಡು ಒಂದೊಂದಾಗಿ ಏರಿಸುತ್ತಿದ್ದ. ಈಗ ಅವಳು ಯಾವುದೋ ಯೋಚನೆಯಲ್ಲಿ ಆ ಹಸಿರು ಬಳೆಗಳನ್ನು ಕೈಗೆ ಹಾಕಿದಳು. ನೀರು ಇಳಿದ ಹಾಗೆ ಇಳಿದುಬಿಟ್ಟವು. ನಾನು ಬೆಪ್ಪಾಗಿ ನೋಡಿದೆ. ತೆಗಿ, ಬೇರೆಯವರದು ಎಂದೆ. ತೆಗೆಯಲು ಹೋದಳು. ಬರಲಿಲ್ಲ. ಸೋಪು ಹಚ್ಚಿ ನೋಡಿದಳು. ಏರಿದ ದಾರಿಯಲ್ಲಿ ಇಳಿಯಲು ಅವಕ್ಕೆ ಮನಸ್ಸೇ ಇದ್ದಂತಿರಲಿಲ್ಲ.

ನಮ್ಮ ಟಿಕೆಟ್ಟು, ಪಾಸ್‌ಪೋರ್ಟು ಎಲ್ಲ ಅದಲುಬದಲಾಗಿ ಹೋದ ನಮ್ಮ ಟ್ರಂಕಿನಲ್ಲಿದ್ದವು. ಕೂಲಿಯನ್ನು ಹುಡುಕಿದೆ. ಆ ಮುದುಕರ ಪೆಟ್ಟಿಗೆಯನ್ನು ಬೂದಿಕೋಟೆ ಬಸ್ಸಿನ ಮೇಲೆ ಹಾಕಿದವನು ತಾನೇ ಎಂದ. ಅದೇ ಬಸ್ಸು ಇನ್ನೊಂದು ಸುತ್ತಿಗೆ ವಾಪಸು ಬಂದಾಗ ಹತ್ತಿಕೊಂಡೆವು. ಮದ್ರಾಸಿನ ರೈಲು ನಮ್ಮನ್ನು ಬಿಟ್ಟು ಹೋಗುವ ಸದ್ದು ಬಸ್ಸಿನಲ್ಲೇ ಕೇಳಿಸಿತು. ದಾರಿಯಲ್ಲಿ ಎಲ್ಲೋ ನನಗೆ ಥಟ್ಟನೆ ಹೊಳೆಯಿತು. ಮುದುಕಿ ಕೇಳಿದ್ದು ಓದಿದವರ ವಿಷಯವಲ್ಲ, ಹೋದವರ ವಿಷಯ. ಪದ್ಮಳಿಗೆ ಹೇಳಿದೆ. "ನನಗೆ ಆಗಲೇ ಗೊತ್ತಾಗಿತ್ತು" ಎಂದಳು, ಬಳೆ ತಿರುಗಿಸುತ್ತ.

ಬೂದಿಕೋಟೆಗೆ ಮುಂಚೆ ಒಂದು ಹುಣಸೆಮರದ ಹತ್ತಿರ ಕಂಡಕ್ಟರು ನಮ್ಮನ್ನು ಇಳಿಸಿ, ಮುದುಕರು ಇಳಿದದ್ದು ಇಲ್ಲೇ ಎಂದು ಹಳ್ಳಿಯ ಕಡೆ ಕೈ ತೋರಿಸಿದ. ಮಧ್ಯಾಹ್ನದ ಬಿಸಿಲು ಚೆನ್ನಾಗಿಯೇ ಇತ್ತು. ಹಗಲಿನಲ್ಲಿ ಹೆದರುವುದು ಗುಮಾಸ್ತನಿಗೆ ಶೋಭಿಸುವುದಿಲ್ಲ ಎಂದು ನಾನು ಗಟ್ಟಿಯಾಗಿ ಕೆಮ್ಮುತ್ತ ನಡೆದೆ. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸೊಬ್ಬಳು ಪದ್ಮಳನ್ನು ಕಂಡು ಹಗ್ಗ ಕೈಬಿಟ್ಟಳು. ಕೊಡ ಬಾವಿಗೆ ಬಿದ್ದ ಸದ್ದು ಬಹಳ ಹೊತ್ತಾದ ಮೇಲೆ ಕೇಳಿತು. ನಾವು ಮನೆ ಕೇಳಲೇ ಇಲ್ಲ, ಅವಳೇ ಬೆರಳು ತೋರಿಸಿದಳು.

ಮುದುಕ ಅಂಗಳದಲ್ಲಿ ಕೂತಿದ್ದ. ಮುನಿಯಪ್ಪ ಎಂದು ಹೆಸರು. ನಾನು ಟ್ರಂಕು ಇಳಿಸಿ ಸಂಗತಿ ಹೇಳಿದೆ. ಅವನು ಮೆಲ್ಲಗೆ ತನ್ನ ಕಥೆ ಹೇಳಿದ. ಮಗಳು ವೆಂಕಟಲಕ್ಷ್ಮಿಯನ್ನು ಮಾರಿಕುಪ್ಪದಲ್ಲಿ ಗಣಿ ಕೂಲಿಗಳ ಲೈನುಮನೆಗೆ ಕೊಟ್ಟಿದ್ದರು. ಜ್ವರ ಎಂದು ಸುದ್ದಿ ಬಂತು. ಇವರು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಇವತ್ತು ಅವಳಿಗೆ ಎಡೆ ಇಡುವ ದಿನ. ಅವಳ ಬಟ್ಟೆಬರೆ ಮುಂದಿಟ್ಟು ಎಡೆ ಇಡೋಣವೆಂದು ಪೆಟ್ಟಿಗೆ ತಂದಿದ್ದರು. ಅಳಿಯ ಕೀಲಿ ಕೊಡಲು ಮರೆತಿದ್ದ, ಹಾಗಾಗಿ ತೆರೆದಿರಲಿಲ್ಲ. ಅಂಗಳದ ಮೂಲೆಯಲ್ಲಿ ಎಲೆಯ ಮೇಲೆ ಕಾಗೆಗೆ ಇಟ್ಟ ಅನ್ನ ಹಾಗೆಯೇ ಇತ್ತು.

"ಆಗ್ಲಿಂದ ಮುಟ್ಟಿಲ್ಲ ಸ್ವಾಮಿ," ಎಂದ ಮುದುಕ. "ಕೂಗ್ತವೆ, ಮರದ ಮ್ಯಾಲೆ ಕೂತ್ಕತ್ತವೆ. ಕೆಳಿಕ್ ಇಳಿಯಲ್ಲ."

ಒಳಗೆ ಇಣುಕಿದೆ. ಕತ್ತಲೆಯ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಹಿಂದೆ ನಮ್ಮ ಟ್ರಂಕು, ಅರಿಶಿನ ಕುಂಕುಮ ಬಳಿದುಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು. ಒಳಗೆ ನನ್ನ ಪಟ್ಟೆ ಚಡ್ಡಿ ಇದ್ದ ಪೆಟ್ಟಿಗೆಗೆ ಕರ್ಪೂರದ ಆರತಿಯಾಗಿತ್ತು! ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಮುದುಕಿ ನಮಗೆ ಬೆನ್ನು ಹಾಕಿ, ಎಡೆಯ ಮುಂದೆ ಅಲುಗದೆ ಕೂತಿದ್ದಳು.

ಪದ್ಮ ಚಪ್ಪಲಿ ಬಿಡಲೆಂದು ಬಾಗಿಲ ಚೌಕಟ್ಟು ಹಿಡಿದಳು. ಬಳೆ ಸದ್ದಾಯಿತು.

ಮುದುಕಿ ತಿರುಗಲಿಲ್ಲ. "ಬಂದ್ಯಾ?" ಎಂದಳು.

ಪಾಸ್‌ಪೋರ್ಟಿನ ವಿಷಯ ಹೇಳಲು ನಾನು ಬಾಯಿ ತೆರೆದೆ. ಮುನಿಯಪ್ಪ ನನ್ನ ಮೊಣಕೈ ಹಿಡಿದುಕೊಂಡ.

"ಬಂದೆ ಕಣವ್ವಾ," ಎಂದಳು ಪದ್ಮ.

ಅವಳು ತನ್ನ ತಾಯಿಯನ್ನು ಅಮ್ಮ ಎನ್ನುತ್ತಿದ್ದವಳು. ಅವ್ವ ಎಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು ಎಂದು ಆಮೇಲೆ ಅಂದಳು. ಬಾಯಿಗೆ ಯಾಕೆ ಬಂತು ಎಂಬುದನ್ನು ನಾವಿಬ್ಬರೂ ಕೆದಕಲು ಹೋಗಲಿಲ್ಲ.

"ಯಾಕೆ ಇಷ್ಟೊತ್ತು?"

"ದಾರಿ ದೂರ ಆಯ್ತು."

"ಉಂಡ್ಯಾ?"

"ಇಲ್ಲ."

ಮುದುಕಿ ಆಗ ತಿರುಗಿದಳು. ಪದ್ಮಳ ಮುಖವನ್ನು ಪೂರ್ತಿಯಾಗಿ, ನಿಧಾನವಾಗಿ ನೋಡಿದಳು. ಆ ಕಣ್ಣಿನಲ್ಲಿ ಭ್ರಮೆ ಎಳ್ಳಷ್ಟೂ ಇರಲಿಲ್ಲ. ಇವಳು ರೈಲಿನಲ್ಲಿ ಕಂಡ ಹುಡುಗಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಪಕ್ಕದಲ್ಲಿ ನೆಲ ಸವರಿ, ಕೂತ್ಕೋ ಎಂದಳು. ಎಡೆಯಲ್ಲಿದ್ದ ರಾಗಿಮುದ್ದೆ ಮುರಿದು, ಅವರೆಕಾಳಿನ ಸಾರು ಬಡಿಸಿದಳು. ಸತ್ತವರಿಗೆ ಇಟ್ಟಿದ್ದು, ತಿನ್ನಬೇಡ ಎಂದು ಕೂಗಿ ಹೇಳುವಷ್ಟು ಹೆದರಿಕೆ ನನಗಾಗಿತ್ತು. ಪದ್ಮ ನನ್ನ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ ಪೂರ್ತಿ ಉಂಡಳು. ಮುದುಕಿ ಒಂದೊಂದು ತುತ್ತನ್ನೂ ನೋಡುತ್ತ ಕೂತಿದ್ದಳು. ಕೈ ತೊಳೆಸಿ, ಹಣೆಗೆ ಕುಂಕುಮ ಇಟ್ಟು, ತಲೆಗೆ ಹೂವು ಮುಡಿಸಿದಳು. ಬಳೆಗಳನ್ನು ಎಣ್ಣೆ ಹಚ್ಚಿ ತೆಗೆಯಲಾ ಎಂದು ಪದ್ಮ ಕೇಳಿದಾಗ, ಮುತ್ತೈದೆಯ ಕೈಯಿಂದ ಬಳೆ ಕೀಳಬಾರದು ಎಂದಳು.

ಟ್ರಂಕು ಬದಲಾಯಿಸಿಕೊಂಡು ಹೊರಗೆ ಬಂದಾಗ ಅಂಗಳದ ಎಲೆ ಖಾಲಿಯಾಗಿತ್ತು. ನಾಯಿ ತಿಂದಿರಬೇಕು ಎಂದುಕೊಂಡೆ. ಆ ಬೀದಿಯಲ್ಲಿ ನಾಯಿಯೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎನ್ನುವುದು ಬೇರೆ ಮಾತು.

ಮುದುಕಿ ಹುಣಸೆಮರದವರೆಗೂ ಬಂದಳು. ಬಸ್ಸು ಬರುವವರೆಗೆ ಸಿಲೋನಿನಲ್ಲಿ ಕುಡಿಯುವ ನೀರು ಚೆನ್ನಾಗಿದೆಯೇ, ಅಲ್ಲಿ ಏನು ಉಣ್ಣುತ್ತಾರೆ ಎಂದೆಲ್ಲ ವಿಚಾರಿಸಿದಳು. ಬಸ್ಸಿನ ಧೂಳು ಕಂಡಾಗ ಪದ್ಮ, ವಾಪಸು ಬರುವಾಗ ನಿಮ್ಮನ್ನು ನೋಡಿಕೊಂಡೇ ಹೋಗುತ್ತೇನೆ ಎಂದಳು. ಮುದುಕಿ ತಲೆ ಅಲ್ಲಾಡಿಸಿದಳು.

"ಬ್ಯಾಡ ಮಗಾ. ಒಂದ್ ಸಲ ಬಂದ್ಯಲ್ಲ, ಸಾಕು. ಇನ್ನೊಂದ್ ಸಲ ಬಂದ್ರೆ ನಾನು ದಿನಾ ಈ ಮರದ್ ಕೆಳ್ಗೇ ಕೂತ್ಕಬೇಕಾಯ್ತದೆ. ಓಗು. ಈ ದಾರೀಲಿ ಬರ್ಬ್ಯಾಡ."

ಮಾರನೆಯ ದಿನದ ರೈಲಿಗೆ ಹೊರಟೆವು. ಸಿಲೋನು ಚೆನ್ನಾಗಿತ್ತು; ಸಮುದ್ರವೂ ಎಳನೀರೂ ಪದ್ಮಳ ಅಣ್ಣ ಹೇಳಿದ ಹಾಗೆಯೇ ಇದ್ದವು. ಪಟ್ಟೆ ಚಡ್ಡಿ ಹಾಕಿಕೊಂಡು ನೀರಿಗಿಳಿದವನನ್ನು ಮೊದಲನೆಯ ಅಲೆಯೇ ದಡಕ್ಕೆ ಒಗೆಯಿತು.

ಕೆಲವು ವರ್ಷಗಳ ಮೇಲೆ ಬೂದಿಕೋಟೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬನ ಮಗಳ ಮದುವೆ. ಪದ್ಮ, ನಾನು ಕಾಮಸಮುದ್ರದ ಕಡೆಯಿಂದ ಸುತ್ತಿ ಬಳಸಿ ಹೋಗಿ ಮುಟ್ಟುವಷ್ಟರಲ್ಲಿ ಮುಹೂರ್ತ ಮುಗಿದು, ಊಟದ ಕೊನೆಯ ಪಂಕ್ತಿ ಕೂತಿತ್ತು. ನೇರ ದಾರಿ ಬಿಟ್ಟು ಯಾಕೆ ಹಾಗೆ ಬಂದಿರಿ ಎಂದು ಅವನು ಬೇಜಾರು ಮಾಡಿಕೊಂಡ. ಆ ದಾರಿ ಸರಿಯಿಲ್ಲ ಎಂದೆ. ಹೊಸದಾಗಿ ಟಾರು ಹಾಕಿದ್ದಾರಲ್ಲ, ನುಣ್ಣಗಿದೆ ಎಂದ ಅವನು. ಪದ್ಮ ಎಲೆಯ ಮುಂದೆ ಕೂತು, ತಲೆಯೆತ್ತದೆ, "ಹೌದಂತೆ, ನಾವೂ ಕೇಳಿದ್ದೇವೆ" ಎಂದಳು.